ಅರಿವಳಿಕೆ ಡಾಕ್ಟರ್ ಕೇಳುವ ಪ್ರಶ್ನೆಗಳು

(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಎರಡೂ ಭಾಷೆ ಬರುತ್ತದೆಂಬ ಕಾರಣಕ್ಕೆ ಆಪರೇಷನ್ ಇದ್ದಾಗ ನೆರೆಹೊರೆಯವರು ನನ್ನನ್ನು ಜೊತೆಗೆ ಕರೆದೊಯ್ಯುತ್ತಾರೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ, ಆಗುಂಬೆ ಘಟ್ಟ ಇಳಿದು ಮಣಿಪಾಲಕ್ಕೋ ಹೋಗುವವರು ನಮ್ಮಲ್ಲಿ ಬಹಳ. ಹೋಗುವ ಮೊದಲು ಆಪರೇಷನ್ ಮಾಡುವ ಡಾಕ್ಟರ್ ಯಾರು, ಕೈಗುಣ ಹೇಗೆ ಎಂದು ಹತ್ತು ಜನರನ್ನು ವಿಚಾರಿಸುತ್ತೇವೆ. ಮತ್ತಿನ ಔಷಧಿ ಕೊಟ್ಟು, ರೋಗಿ ಎಚ್ಚರಗೊಳ್ಳುವವರೆಗೆ ಪಕ್ಕದಲ್ಲೇ ಇದ್ದು ಕಾಯುವ ಡಾಕ್ಟರ್ ಬೇರೆಯೇ ಇರುತ್ತಾರೆ. ಅವರ ಬಗ್ಗೆ ಯಾರೂ ಕೇಳುವುದಿಲ್ಲ. ಅವರೇ ಹಿಂದಿನ ದಿನ ಬಂದು ಪ್ರಶ್ನೆ ಕೇಳಿದರೆ "ಏನೂ ಇಲ್ಲ ಸಾರ್" ಎಂದು ಮುಗಿಸುತ್ತೇವೆ. ಆ "ಏನೂ ಇಲ್ಲ"ದ ಬಗ್ಗೆಯೇ ಇವತ್ತಿನ ನನ್ನ ಮಾತು.

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯರು ಈಥರ್ ಮೂಸಿಸಿ, ನೋವಿಲ್ಲದ ಶಸ್ತ್ರಚಿಕಿತ್ಸೆ ಸಾಧ್ಯವೆಂದು ಎಲ್ಲರೆದುರು ತೋರಿಸಿದರು. ಮರುವರ್ಷ ಕ್ಲೋರೋಫಾರಂ ಬಂತು. 1848ರ ಜನವರಿಯಲ್ಲಿ ಇಂಗ್ಲೆಂಡಿನ ಹನ್ನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲ್ಬೆರಳಿನ ಉಗುರು ತೆಗೆಸಲು ಹೋಗಿ, ಕ್ಲೋರೋಫಾರಂ ಮೂಸಿದ ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ಒಂದು ಉಗುರಿಗಾಗಿ ಜೀವ ಹೋಯಿತು! ಇಂಥ ಸಾವಿಗೆ ಉಸಿರು ಕಾರಣವೋ ಹೃದಯವೋ ಎಂಬ ವಾದ ದಶಕಗಳ ಕಾಲ ನಡೆಯಿತು. ಅದನ್ನು ಪರೀಕ್ಷಿಸಲು ಹಣ ಕೊಟ್ಟವರು ಹೈದರಾಬಾದಿನ ನಿಜಾಮ ಮಹಬೂಬ್ ಅಲಿ ಖಾನ್. ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಅವರ ರಾಜ್ಯದಲ್ಲಿದ್ದವು. 1888 ಮತ್ತು 1889ರಲ್ಲಿ ಅಲ್ಲಿ ಎರಡು ಆಯೋಗಗಳು ಕುಳಿತವು. ಉಸಿರಾಟದ ಮೇಲೆ ಕಣ್ಣಿಡಿ ಎಂಬುದು ಅವುಗಳ ತೀರ್ಪು. ಕ್ಲೋರೋಫಾರಂನಿಂದ ಹೃದಯಕ್ಕೆ ನೇರ ಅಪಾಯವಿಲ್ಲ ಎಂದದ್ದು ಮುಂದೆ ತಪ್ಪೆಂದು ಸಾಬೀತಾಯಿತು, ಆದರೆ ಉಸಿರಿನ ಮಾತು ಇಂದಿಗೂ ನಿಂತಿದೆ. ಅದೇ ಹೈದರಾಬಾದಿನಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಮಹಿಳೆ ಕ್ಲೋರೋಫಾರಂ ಕೊಡುವ ವೈದ್ಯೆಯಾಗಿದ್ದರು. ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಅವರೂ ಒಬ್ಬರು. ಹೆಣ್ಣುಮಕ್ಕಳೇ, ಈ ಹೆಸರು ಬರೆದಿಟ್ಟುಕೊಳ್ಳಿ.

ಇಂದು ಕಣ್ಣಿಡಲು ಯಂತ್ರಗಳಿವೆ. ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಆಕ್ಸಿಮೀಟರ್ ನೆನಪಿದೆಯಲ್ಲ? ಜಪಾನಿನ ತಕುವೊ ಅಯೊಯಾಗಿ 1970ರ ದಶಕದಲ್ಲಿ ಅದರ ತತ್ವ ಕಂಡುಹಿಡಿದರು. ತುಟಿ ನೀಲಿಯಾಗುವ ಮೊದಲೇ ರಕ್ತದಲ್ಲಿ ಆಮ್ಲಜನಕ ಇಳಿದದ್ದನ್ನು ಅದು ತೋರಿಸುತ್ತದೆ. ಆದರೆ ರೋಗಿ ಬೆಳಿಗ್ಗೆ ಏನು ತಿಂದಿದ್ದಾನೆಂದು ಅದು ಹೇಳಲಾರದು.

ಎಚ್ಚರವಿದ್ದಾಗ ಒಂದು ಅಗುಳು ಅಡ್ಡದಾರಿ ಹಿಡಿದರೆ ಕೆಮ್ಮಿ ಹೊರಹಾಕುತ್ತೇವೆ. ಮತ್ತಿನಲ್ಲಿ ಆ ಕೆಮ್ಮು ಬರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಆದ್ದರಿಂದಲೇ ಊಟವಾಗಿ 8 ಗಂಟೆ, ಹಗುರ ತಿಂಡಿ ಅಥವಾ ಹಾಲಿಗೆ 6, ಎದೆಹಾಲಿಗೆ 4, ಬರೀ ನೀರಿಗೆ 2 ಗಂಟೆ ಕಳೆದಿರಬೇಕೆಂಬ ಲೆಕ್ಕ. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಮಗು ಅಳುತ್ತದೆಂದು ದಾದಿಮಾ ಕದ್ದು ಬಿಸ್ಕತ್ತು ಕೊಡುವುದು ಪ್ರೀತಿಯಿಂದಲೇ. ಕೊಟ್ಟಾಗಿದ್ದರೆ ಹೇಳಿಬಿಡಿ. ಆಪರೇಷನ್ ಮುಂದೆ ಹೋಗುತ್ತದೆ, ಸ್ವಲ್ಪ ಬೈಸಿಕೊಳ್ಳಬೇಕಾಗಬಹುದು, ಅಷ್ಟೇ. ರಂಜಾನ್ ತಿಂಗಳಲ್ಲಿ ಇನ್ನೊಂದು ಸಮಸ್ಯೆ. "ರೋಜಾ ಇದ್ದೇನೆ, ಹೊಟ್ಟೆ ಖಾಲಿ" ಎನ್ನುತ್ತಾರೆ. ಐದು ಗಂಟೆಗೆ ಸಹರಿ ಮುಗಿಸಿ ಒಂಬತ್ತಕ್ಕೆ ಥಿಯೇಟರಿಗೆ ಹೋದರೆ ಆಗಿರುವುದು ನಾಲ್ಕೇ ಗಂಟೆ!

"ನಿಮ್ಮ ಮನೆತನದಲ್ಲಿ ಯಾರಿಗಾದರೂ ಮತ್ತು ಕೊಟ್ಟಾಗ ತೊಂದರೆಯಾಗಿತ್ತೇ?" ಎಂದೂ ಕೇಳುತ್ತಾರೆ. ಇದು ಕಾಡುಹರಟೆಯಲ್ಲ. ಸ್ನಾಯುಗಳನ್ನು ಸಡಿಲಗೊಳಿಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧಿ ಕೆಲವೇ ನಿಮಿಷಗಳಲ್ಲಿ ಇಳಿಯಬೇಕು. ಅದನ್ನು ಕರಗಿಸುವ ಕಿಣ್ವ ಹುಟ್ಟಿನಿಂದಲೇ ಇಲ್ಲದವರಲ್ಲಿ ಗಂಟೆಗಟ್ಟಲೆ ಇಳಿಯದು, ಅಷ್ಟು ಹೊತ್ತೂ ಯಂತ್ರವೇ ಉಸಿರಾಡಿಸಬೇಕು. ದಕ್ಷಿಣ ಭಾರತದ ಆರ್ಯವೈಶ್ಯ ಸಮುದಾಯದಲ್ಲಿ ಈ ಕೊರತೆ ಹೆಚ್ಚೆಂದು ವೈದ್ಯರು ಗುರುತಿಸಿದ್ದಾರೆ. ತಂದೆತಾಯಿ ಇಬ್ಬರಿಂದಲೂ ಬರುವ ಇಂಥ ಕೊರತೆ ಒಳಗೊಳಗೇ ಮದುವೆಯಾಗುವಲ್ಲಿ ಹೆಚ್ಚು ಕಾಣುತ್ತದೆ. ಹತ್ತಿರದ ಸಂಬಂಧದ ಮದುವೆ ನಮ್ಮ ಮನೆಗಳಲ್ಲೂ ಉಂಟಲ್ಲ? ಖಾಲಾ, ಫೂಫಿಯರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಹೆಂಗಸರ ವಿಷಯಕ್ಕೆ ಬರೋಣ. ಡಾಕ್ಟರ್ ಕನ್ನಡದಲ್ಲಿ ಕೇಳುತ್ತಾರೆ, ಉತ್ತರ ಗಂಡ ಹೇಳುತ್ತಾನೆ, ಅತ್ತೆ ಪಕ್ಕದಲ್ಲಿ ನಿಂತಿರುತ್ತಾರೆ. ಪಠ್ಯಪುಸ್ತಕದ "ಅರಿವಳಿಕೆ" ಆಕೆಗೆ ತಿಳಿಯದು, "ಬೇಹೋಶಿ ಕೀ ದವಾ" ಎಂದರೆ ತಿಳಿಯುತ್ತದೆ. ಒಮ್ಮೆ ನಾನು ಜೊತೆಗಿದ್ದಾಗ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಎಲ್ಲ ಪ್ರಶ್ನೆಗೂ ತಲೆಯಾಡಿಸಿ, ಆಮೇಲೆ ಹೊರಗೆ ನನ್ನ ಕಿವಿಯಲ್ಲಿ "ಬಾಜಿ, ಮುಝೇ ದಮಾ ಹೈ" ಎಂದಳು. ಮದುವೆ ತಪ್ಪೀತೆಂದು ತವರಿನವರು ದಮ್ಮು ಮುಚ್ಚಿಟ್ಟಿದ್ದರು. ಆಕೆಯನ್ನು ಒಪ್ಪಿಸಿ ಒಳಗೆ ಕರೆದೊಯ್ದು ಹೇಳಿಸಿದೆ. ಅರಿವಳಿಕೆ ಡಾಕ್ಟರ್ ಗದರಲಿಲ್ಲ. ದಿನಾಂಕ ಮುಂದೂಡಿ, ಇನ್‌ಹೇಲರ್ ಬರೆದುಕೊಟ್ಟು, ಬೇರೆ ತಯಾರಿ ಮಾಡಿಕೊಂಡರು. ದಮ್ಮು ಇದ್ದವರಿಗೆ ಗಂಟಲಲ್ಲಿ ನಳಿಕೆ ಇಳಿಸುವಾಗ ಉಸಿರಿನ ದಾರಿ ಬಿಗಿದುಕೊಳ್ಳಬಹುದಂತೆ. ಮೂರ್ಛೆರೋಗ, ಹೊಗೆಸೊಪ್ಪು, ನಾಟಿ ಔಷಧಿ, ಯುನಾನಿ ಮಾತ್ರೆ ಇವೂ ಹೀಗೆಯೇ ಮುಚ್ಚಿಹೋಗುತ್ತವೆ. ತಾಯಂದಿರೇ, "ನಾನೊಬ್ಬಳೇ ಮಾತನಾಡಬೇಕು" ಎಂದು ನರ್ಸಮ್ಮನಿಗೆ ಹೇಳಲು ಸಂಕೋಚ ಬೇಡ. ಅತ್ತೆಯವರೇ, ನೀವೇ ಹೊರಗೆ ಹೋಗಿ ಕುಳಿತರೆ ಇನ್ನೂ ಒಳ್ಳೆಯದು.

ಹಾಗೆಂದು ಎಲ್ಲ ಹೊಣೆಯನ್ನೂ ರೋಗಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಸಿಸೇರಿಯನ್‌ಗೆ ಬೆನ್ನಿಗೆ ಸೂಜಿ ಕೊಟ್ಟಾಗ ರಕ್ತದೊತ್ತಡ ಇಳಿಯುತ್ತದೆ, ಅದಕ್ಕೇ ನರಕ್ಕೆ ದ್ರವ ಹನಿಸುತ್ತಾರೆ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ನಂತರ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅಂಥ ದ್ರವವಾದ ರಿಂಗರ್ ಲ್ಯಾಕ್ಟೇಟ್‌ನ ಗುಣಮಟ್ಟದ ಮೇಲೆಯೇ ಸರ್ಕಾರ ಶಂಕೆ ವ್ಯಕ್ತಪಡಿಸಿತು. ಆ ತಾಯಂದಿರು ಎಷ್ಟು ನಿಜ ಹೇಳಿದ್ದರೂ ಬಾಟಲಿಯೊಳಗಿನದ್ದನ್ನು ಪರೀಕ್ಷಿಸಲು ಅವರಿಂದ ಆಗುತ್ತಿತ್ತೇ? ಅದನ್ನು ಕೇಳಬೇಕಾದವರು ನಾವು, ಉತ್ತರ ಕೊಡಬೇಕಾದವರು ಸರ್ಕಾರ.

ಡಾಕ್ಟರ್ ಕೇಳುವ ಈ ಪ್ರಶ್ನೆಗಳನ್ನು ಉರ್ದು ಮತ್ತು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬರೆದಿದ್ದೇನೆ. ಹೋಗುವಾಗ ಬಾಗಿಲ ಬಳಿ ಮಕ್ಕಳು ಕೊಡುತ್ತಾರೆ, ದಯವಿಟ್ಟು ತೆಗೆದುಕೊಳ್ಳಿ.