ದಾನದ ಶಿಲ್ಪಕ್ಕೆ ದತ್ತಿಯೂ ಬೇಕು



ಖಾಸಗಿ ದಾನದಿಂದ ನಮ್ಮ ಊರಿನ ಸಾರ್ವಜನಿಕ ಶಿಲ್ಪಗಳನ್ನು ಹೆಚ್ಚಿಸುವುದು ಹೇಗೆ ಎಂಬ ಒಂದೇ ವಿಷಯಕ್ಕಾಗಿ ನಾವಿಲ್ಲಿ ಸೇರಿದ್ದೇವೆ. ಶಿಲ್ಪಗಳು ಹೆಚ್ಚಲಿ ಎಂಬುದು ನನ್ನ ಮನದಾಳದ ಆಸೆ. ಆದರೆ ಆರಿಸುವವರು ಯಾರು, ಆಮೇಲೆ ನೋಡಿಕೊಳ್ಳುವವರು ಯಾರು ಎಂಬುದನ್ನು ಗೊತ್ತುಮಾಡಿಕೊಳ್ಳದೆ ಒಂದು ಪೀಠವನ್ನೂ ಕಟ್ಟಬಾರದು.

ದಾನದ ಶಿಲ್ಪ ಬೆಂಗಳೂರಿಗೆ ಹೊಸದಲ್ಲ. ಕಬ್ಬನ್ ಪಾರ್ಕಿನಲ್ಲಿರುವ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆ 1906ರಲ್ಲಿ ಅನಾವರಣಗೊಂಡಿತು. ಅದಕ್ಕೆ ದಂಡು ಪ್ರದೇಶದ (ಕಂಟೋನ್ಮೆಂಟಿನ) ಜನರ ಚಂದಾ ಹಣವೂ ಮೈಸೂರು ಮಹಾರಾಜರ ಕೊಡುಗೆಯೂ ಸೇರಿದ್ದವು. ಕೆತ್ತಿದವರು ಲಂಡನ್ನಿನ ಥಾಮಸ್ ಬ್ರಾಕ್. 1913ರಲ್ಲಿ ಅನಾವರಣಗೊಂಡ ದಿವಾನ್ ಶೇಷಾದ್ರಿ ಅಯ್ಯರ್ ಪ್ರತಿಮೆಯ ಶಿಲ್ಪಿಯೂ ಇಂಗ್ಲೆಂಡಿನವರೇ. ಕೊಟ್ಟವರು ನಾವು, ಉಳಿ ಹಿಡಿದವರು ಬೇರೆಯವರು. ಇನ್ನೂ ಹಿಂದಕ್ಕೆ ಹೋದರೆ ಚಿತ್ರ ಬೇರೆಯೇ ಇದೆ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು. ಊರಿಗಾಗಿ ಸತ್ತವನಿಗೆ ಊರಲ್ಲೇ ಕಲ್ಲು ನಿಲ್ಲಿಸಿದ್ದರು. ಆ ಕಲ್ಲಿಗೆ ನಮ್ಮ ಕಾಲದಲ್ಲಿ ನೆರಳಿನ ಮಂಟಪ ಎದ್ದದ್ದೂ ಜನರ ಆಸಕ್ತಿಯಿಂದಲೇ.

ಪ್ರತಿಮೆ ಎಂದರೆ ಒಬ್ಬರ ಮುಖ ಎಂಬ ಅಭ್ಯಾಸ ನಮಗೆ ಬಲವಾಗಿ ಅಂಟಿಬಿಟ್ಟಿದೆ. ದಾನಿ ಬಂದರೆ ಅವರ ಮೊದಲ ಮಾತೇ ಎದೆಮಟ್ಟದ ಪ್ರತಿಮೆ. ಗವಿಪುರಕ್ಕೆ ಹೋಗಿ, ಗಂಗಾಧರೇಶ್ವರನ ಅಂಗಳದಲ್ಲಿರುವ ಸೂರ್ಯಪಾನ, ಚಂದ್ರಪಾನಗಳನ್ನು ನೋಡಿ. ಕಂಬದ ಮೇಲೊಂದು ದುಂಡು ಬಿಲ್ಲೆ, ಅಷ್ಟೇ. ಅಂಥ ರೂಪವನ್ನು ಕಂಡುಕೊಂಡ ಊರಿನಲ್ಲಿ ಇಂದಿನ ಶಿಲ್ಪಿಗೆ ಮುಖಗಳನ್ನಷ್ಟೇ ಕೆತ್ತು ಎಂದು ಹೇಳುವುದು ಅನ್ಯಾಯ. ವೈಯಾಲಿಕಾವಲಿನಲ್ಲಿ 1980ರಲ್ಲಿ ಸಿದ್ಧವಾದ ಚೌಡಯ್ಯ ಸ್ಮಾರಕ ಭವನವನ್ನೂ ಇಲ್ಲಿ ನೆನೆಯಬೇಕು. ಪಿಟೀಲು ವಿದ್ವಾಂಸ ಚೌಡಯ್ಯನವರ ನೆನಪಿಗೆ ಕಟ್ಟಡವೇ ಪಿಟೀಲಾಗಿ ನಿಂತಿದೆ.

ಮುಖವನ್ನೇ ಕೆತ್ತುವುದಾದರೆ ಕನಕಾ ಮೂರ್ತಿಯವರಂತೆ ಕೆತ್ತಬೇಕು. ಟಿ. ನರಸೀಪುರದ ಈ ಹೆಣ್ಣುಮಗಳು ಬೆಂಗಳೂರಿಗೆ ಬಂದು, ಅ.ನ. ಸುಬ್ಬರಾಯರು 1919ರಲ್ಲಿ ಕಟ್ಟಿದ ಕಲಾಮಂದಿರದಲ್ಲಿ ಕಲಿತರು. ಬಳಿಕ ದೇವಲಕುಂದ ವಾದಿರಾಜರ ಬಳಿ ಕಲ್ಲಿನ ಪಾಠ ಹೇಳಿಸಿಕೊಂಡರು. ಹೆಂಗಸಿಗೆ ಈ ಕೆಲಸವೇಕೆ ಎಂದು ಕೇಳುತ್ತಿದ್ದ ಕಾಲ ಅದು. ಲಾಲ್‌ಬಾಗಿನ ಪಶ್ಚಿಮ ದ್ವಾರದ ಕುವೆಂಪು, ವಿಶ್ವೇಶ್ವರಯ್ಯ ಮ್ಯೂಸಿಯಂನ ರೈಟ್ ಸಹೋದರರು ಅವರ ಸುತ್ತಿಗೆ, ಉಳಿಗಳಿಂದ ಮೂಡಿದವರು. 2021ರಲ್ಲಿ ಕೋವಿಡ್ ಅವರನ್ನು ಕೊಂಡೊಯ್ದಿತು. ಕುವೆಂಪು ಶಿಲ್ಪದ ಮುಂದೆ ದಿನವೂ ನಡೆದುಹೋಗುವವರಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತು? ಪೀಠದ ಮೇಲೆ ಉದ್ಘಾಟಕರ, ದಾನಿಗಳ, ಸಮಿತಿಯವರ ಹೆಸರಿಗೆಲ್ಲ ಜಾಗವಿರುತ್ತದೆ. ಶಿಲ್ಪಿಯ ಹೆಸರು ಎಲ್ಲರಿಗಿಂತ ಮೇಲೆ ಬರಬೇಕು.

ಇನ್ನು ಜಾಗದ ಮಾತು. ರಸ್ತೆ, ಕಾಲುದಾರಿಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ರಾಜ್ಯಗಳಿಗೆ ಹೇಳಿದೆ. ಒಳ್ಳೆಯದೇ ಆಯಿತು. ವೃತ್ತಗಳ ಹಂಬಲ ಬಿಟ್ಟು ಗ್ರಂಥಾಲಯ, ಶಾಲೆ, ಆಸ್ಪತ್ರೆ, ರಂಗಮಂದಿರಗಳ ಅಂಗಳದ ಕಡೆ ನೋಡೋಣ.

ನಾನು ಒತ್ತಿ ಹೇಳಬೇಕಾದದ್ದು ನಿಗಾ ಕುರಿತು. ಕಂಚನ್ನು ಆಗಾಗ ತೊಳೆದು ಮೇಣ ಹಚ್ಚಬೇಕು. ಮಳೆಗಾಲದಲ್ಲಿ ಕಲ್ಲಿಗೆ ಪಾಚಿ ಹತ್ತುತ್ತದೆ. ಅದನ್ನು ಆ್ಯಸಿಡ್ ಹಾಕಿ ಉಜ್ಜಿದರೆ ಕಲ್ಲೇ ಹಾಳಾಗುತ್ತದೆ. ಜಯಂತಿ ಬಂತೆಂದು ಬಂಗಾರದ ಬಣ್ಣದ ಪೇಂಟ್ ಬಳಿದರೆ ಉಳಿಯ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ, ತೇವ ಒಳಗೇ ಉಳಿಯುತ್ತದೆ. ಲಾಲ್‌ಬಾಗಿನಲ್ಲಿ ಉರುಳಿದ ಮರಗಳಲ್ಲಿ ಕಲಾವಿದರು ಕೆತ್ತಿದ ಶಿಲ್ಪಗಳಿಗೆ ಮಳೆ, ಗೆದ್ದಲು ಎರಡರ ಕಾಟವೂ ಉಂಟು. ಇದಕ್ಕೆಲ್ಲ ವರ್ಷ ವರ್ಷವೂ ದುಡ್ಡು ಬೇಕು, ಕೆಲಸ ಬಲ್ಲ ಕೈ ಬೇಕು. ಅನಾವರಣದ ದಿನ ಅದರ ಮಾತೇ ಇರುವುದಿಲ್ಲ.

ದಾರಿ ನಮ್ಮ ನೆರೆಯಲ್ಲೇ ಇದೆ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಜನ ದತ್ತಿ ಇಡುತ್ತಾರೆ. ಅಸಲು ಹಾಗೇ ಇರುತ್ತದೆ, ಬಡ್ಡಿಯಲ್ಲಿ ಉಪನ್ಯಾಸ, ಪ್ರಶಸ್ತಿ ನಡೆಯುತ್ತವೆ. ಶಿಲ್ಪಕ್ಕೂ ಇದೇ ಕ್ರಮ ಬರಲಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಾಗರಿಕರು 1872ರಲ್ಲೇ ಸಂಘ ಕಟ್ಟಿಕೊಂಡು ಊರಿಗೆ ಶಿಲ್ಪ ತರಿಸತೊಡಗಿದರು. ಆ ಸಂಘ ಇಂದಿಗೂ ಕೆಲಸ ಮಾಡುತ್ತಿದೆ, ಶಿಲ್ಪಗಳ ಜೋಪಾನವೂ ಅದರ ಹೊಣೆಗಳಲ್ಲಿ ಒಂದು.

ದಾನ ಕೊಟ್ಟವರಿಗೆ ಜಾಗದ ಮೇಲೆ ಹಕ್ಕು ಹುಟ್ಟಬಾರದು. ಸರ್ಕಾರದ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಯೋಜನೆಯ ವಿರುದ್ಧ 2016ರಲ್ಲಿ ಕಲಾವಿದರು ಬೀದಿಗಿಳಿದದ್ದು ಇದೇ ಕಾರಣಕ್ಕೆ. ಅವರು ಮಾಡಿದ್ದು ಸರಿ.

ಆದ್ದರಿಂದ ಈ ನಿರ್ಣಯವನ್ನು ಸಭೆಯ ಮುಂದಿಡುತ್ತಿದ್ದೇನೆ. ಶಿಲ್ಪ ಕೊಡುವ ದಾನಿ ಅದರ ಬೆಲೆಯ ಕಾಲುಭಾಗವನ್ನು ನಿರ್ವಹಣೆಯ ದತ್ತಿಯಾಗಿಯೂ ಇಡಬೇಕು. ಆಯ್ಕೆಯನ್ನು ಶಿಲ್ಪಿಗಳೂ ಆ ಬಡಾವಣೆಯ ನಿವಾಸಿಗಳೂ ಇರುವ ಸಮಿತಿ ಬಹಿರಂಗವಾಗಿ ಮಾಡಬೇಕು. ಒಪ್ಪುವವರು ದಯವಿಟ್ಟು ಕೈ ಎತ್ತಿ. ದಾನಿಗಳು ಯಾರಾದರೂ ಸಭೆಯಲ್ಲಿದ್ದರೆ, ಮೊದಲ ದತ್ತಿಯನ್ನು ಇಂದೇ ಘೋಷಿಸಬೇಕೆಂದು ಕೈಮುಗಿದು ಕೇಳುತ್ತೇನೆ.