ಮನೆ ಬದಲಾಯಿಸುವಾಗ



ನಮ್ಮ ಸಂಗ್ರಹಬುದ್ಧಿಯು ಬಯಲಾಗುವುದು ಮನೆ ಬದಲಾಯಿಸುವ ದಿನದಲ್ಲಿ. ಮುರಿದ ಕೊಡೆ, ಬೀಗದ ಕೈ ಕಳೆದ ಬೀಗ, ಇವಕ್ಕೂ ಗಾಡಿಯ ಬಾಡಿಗೆ ತೆರಬೇಕೆ? ವರ್ಷದಿಂದ ಮುಟ್ಟದುದನ್ನು ಬೇಕಾದವರಿಗೆ ಕೊಟ್ಟುಬಿಡೋಣ. ಪುಸ್ತಕಗಳನ್ನು ಚಿಕ್ಕ ಪೆಟ್ಟಿಗೆಗಳಲ್ಲಿಯೇ ತುಂಬೋಣ. ಪೆಟ್ಟಿಗೆ ದೊಡ್ಡದಾದರೆ ಎತ್ತುವವನ ಸೊಂಟಕ್ಕೆ ಅಪಾಯ. ಗಾಜಿನ ಸಾಮಾನಿಗೆ ಹಳೆಯ ಸೀರೆಯನ್ನು ಸುತ್ತೋಣ. ದೀಪ, ಬೆಂಕಿಪೆಟ್ಟಿಗೆ, ಕಾಫಿಯ ಪಾತ್ರೆಗಳನ್ನು ಕಟ್ಟುವುದು ಕಡೆಗೆ, ಬಿಚ್ಚುವುದು ಮೊದಲಿಗೆ.

ಆದರೆ ಅಟ್ಟದ ಮೇಲಿನ ಓಲೆಗರಿಯ ಕಟ್ಟನ್ನು ಮಾತ್ರ, ಓದಬಲ್ಲವರಿಗೆ ತೋರಿಸದೆ ಎಸೆಯಕೂಡದು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಪ್ಪಿಸಿದರು, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚಿಗೆ ತಂದರು. ಆ ಕಟ್ಟು ಯಾರದೋ ಅವಸರಕ್ಕೆ ಸಿಕ್ಕಿ ಒಲೆಯ ಪಾಲಾಗಿದ್ದರೆ? ಆದ್ದರಿಂದ ಅಟ್ಟವನ್ನು ಶೋಧಿಸುವುದಕ್ಕೆ ಪ್ರತ್ಯೇಕವಾಗಿ ಒಂದು ದಿನವನ್ನು ಮೀಸಲಿಡುವುದು ಲೇಸು.