ಓದಿ ಉತ್ತರಿಸುವ ಜವಾಬ್ದಾರಿ
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



‘ನಾಸ್ಟಿಕ್’ ಎಂಬ ಪದ ಕಿವಿಗೆ ಬಿದ್ದೊಡನೆ ನಮಗೆ ‘ನಾಸ್ತಿಕ’ ನೆನಪಾಗುತ್ತದೆ. ಎರಡಕ್ಕೂ ಸಂಬಂಧವಿಲ್ಲ. ಅದು ಗ್ರೀಕ್ ಭಾಷೆಯ ‘ಗ್ನೋಸಿಸ್’ನಿಂದ ಬಂದದ್ದು. ಅರ್ಥ, ಅರಿವು. ನಮ್ಮ ‘ಜ್ಞಾನ’ಕ್ಕೂ ಅದಕ್ಕೂ ಮೂಲ ಒಂದೇ.

ಕ್ರಿ.ಶ. 2ನೆಯ ಶತಮಾನದಲ್ಲಿ ಕ್ರೈಸ್ತರ ನಡುವೆ ಇಂತಹ ಹಲವು ಪಂಗಡಗಳಿದ್ದವು. ಈ ಲೋಕವನ್ನು ಸೃಷ್ಟಿಸಿದ್ದು ಪರಮ ದೇವನಲ್ಲ, ಕೆಳಮಟ್ಟದ ಒಂದು ಶಕ್ತಿ. ಗುಪ್ತ ಜ್ಞಾನ ಪಡೆದವರಿಗಷ್ಟೇ ಬಿಡುಗಡೆ ಎಂದು ಅವರಲ್ಲಿ ಅನೇಕರು ನಂಬಿದ್ದರು. ರೋಮಿನಲ್ಲಿ ಬೋಧಿಸಿದ ವ್ಯಾಲೆಂಟೈನಸ್ ಇವರಲ್ಲಿ ಪ್ರಸಿದ್ಧ.

ಸಭೆಯ ಹಿರಿಯರು ಇದಕ್ಕೆ ಬೇರೆ ಬೇರೆ ರೀತಿಯಲ್ಲಿ ಉತ್ತರಿಸಿದರು. ಕಾರ್ಥೇಜಿನ ಟೆರ್ಟುಲಿಯನ್, ಧರ್ಮಗ್ರಂಥ ಸಭೆಯ ಸೊತ್ತು, ಅದನ್ನು ಹಿಡಿದು ವಾದಿಸುವ ಹಕ್ಕೇ ನಿಮಗಿಲ್ಲ ಎಂದು ವಕೀಲರಂತೆ ಬಾಗಿಲು ಮುಚ್ಚಿದರು. ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ‘ಜ್ಞಾನ’ ಎಂಬ ಪದವನ್ನು ಎದುರಾಳಿಗೆ ಬಿಟ್ಟುಕೊಡದೆ, ನಂಬಿಕೆಯ ಮೇಲೆ ನಿಂತು ಕಲಿಯುವವನೇ ನಿಜವಾದ ಜ್ಞಾನಿ ಎಂದರು.

ಇಂದಿನ ಫ್ರಾನ್ಸಿನ ಲಿಯೋನ್ ನಗರದ ಬಿಷಪ್ ಐರೇನಿಯಸ್ ಸುಮಾರು 180ರಲ್ಲಿ 5 ಭಾಗಗಳ ಖಂಡನಗ್ರಂಥವನ್ನೇ ಬರೆದರು. ಸೃಷ್ಟಿಕರ್ತನೇ ಏಕೈಕ ದೇವರು ಎಂಬುದು ಅವರ ಮುಖ್ಯ ವಾದ. ಇನ್ನೊಂದು ವಾದ ಸರಳವಾದದ್ದು: ಯೇಸುವಿನ ಶಿಷ್ಯರಿಗೆ ಗುಟ್ಟಿನ ಬೋಧನೆ ತಿಳಿದಿದ್ದರೆ, ಸಭೆಗಳನ್ನು ಯಾರ ಕೈಗೆ ಒಪ್ಪಿಸಿದರೋ ಅವರಿಗೆ ಮೊದಲು ಹೇಳುತ್ತಿರಲಿಲ್ಲವೇ? ಸತ್ಯ ಎಲ್ಲರೆದುರು ಬೋಧಿಸುವಂಥದು ಎಂದು ಅವರ ನಿಲುವು.

ಬರೆಯುವ ಮೊದಲು ತಾನು ಎದುರಾಳಿಗಳ ಬರಹ ಓದಿದ್ದೇನೆ, ಅವರಲ್ಲಿ ಕೆಲವರೊಡನೆ ಮಾತನಾಡಿದ್ದೇನೆ ಎಂದು ಐರೇನಿಯಸ್ ಹೇಳಿಕೊಂಡಿದ್ದಾರೆ. ಇದು ನಿಜವೇ? ಶತಮಾನಗಳ ಕಾಲ ಪರೀಕ್ಷಿಸುವ ದಾರಿಯೇ ಇರಲಿಲ್ಲ. ಆ ಪಂಗಡಗಳ ಬರಹಗಳು ಬಹುಪಾಲು ಅಳಿದಿದ್ದವು. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ರೈತರಿಗೆ ಮಣ್ಣಿನ ಜಾಡಿಯೊಂದರಲ್ಲಿ ಕಾಪ್ಟಿಕ್ ಭಾಷೆಯ ಹಳೆಯ ಪುಸ್ತಕಗಳು ಸಿಕ್ಕವು. ಅವುಗಳಲ್ಲಿದ್ದ ‘ಯೋಹಾನನ ರಹಸ್ಯ ಗ್ರಂಥ’ದ ಒಂದು ಭಾಗ ಐರೇನಿಯಸ್ ಕೊಟ್ಟ ಸಾರಾಂಶಕ್ಕೆ ಬಹುಮಟ್ಟಿಗೆ ಹೊಂದುತ್ತದೆ! ಆದರೆ ಅವರು ಎಲ್ಲೆಡೆ ನ್ಯಾಯವಾಗಿ ನಡೆದರೆನ್ನಲಾಗದು. ವ್ಯಾಲೆಂಟೈನಸ್ ಪಂಥದವರ ದೈವಿಕ ಶಕ್ತಿಗಳ ಹೆಸರುಗಳನ್ನು ಸೋರೆಕಾಯಿ, ಸೌತೆಕಾಯಿ ಎಂದು ಗೇಲಿ ಮಾಡಿದ್ದಾರೆ. ಆ ಗೇಲಿಯಿಂದ ಆ ಜನರ ಭಕ್ತಿ, ಹಂಬಲ ನಮಗೆ ತಿಳಿಯುವುದಿಲ್ಲ. ಅದು ತಿಳಿಯುವುದು ಅವರದೇ ಬರಹಗಳಿಂದ.

ವಿದ್ಯಾರ್ಥಿಗಳೇ, ನಾಳೆ ನೀವು ಚರ್ಚಾಸ್ಪರ್ಧೆಯಲ್ಲಿ, ಪತ್ರಿಕೆಯಲ್ಲಿ, ಊರ ಸಭೆಯಲ್ಲಿ ಇನ್ನೊಬ್ಬರ ವಿಚಾರವನ್ನು ಖಂಡಿಸಬೇಕಾಗಬಹುದು. ಖಂಡಿಸಿ, ತಪ್ಪಿಲ್ಲ. ಆದರೆ ಅವರ ಮಾತನ್ನು ಮೊದಲು ಅವರೇ ‘ಹೌದು, ನಾನು ಹೇಳಿದ್ದು ಇದನ್ನೇ’ ಎನ್ನುವಂತೆ ಬರೆಯಿರಿ. ನಮ್ಮ ಬಗ್ಗೆ ಇತರರು ಹೇಗೆ ಬರೆಯಬೇಕೆಂದು ನಾವು ಬಯಸುತ್ತೇವೆಯೋ ಹಾಗೆ. ನೀವು ಬರೆದದ್ದನ್ನು ಪರೀಕ್ಷಿಸುವ ಜಾಡಿ ಎಲ್ಲೋ ಮಣ್ಣಿನಡಿ ಇರಬಹುದು.